ಹೆಡ್‌ಮಾಸ್ಟರರಿಗೆ ನಾನು ಕೊಟ್ಟ ಬಡತನ

ವೇದಿಕೆಯ ಮೇಲೆ ಕೂತವರನ್ನು ಹೊಗಳುವುದರಲ್ಲಿ ನನ್ನ ಕೈ ಸ್ವಲ್ಪ ಧಾರಾಳ. ಯಾರನ್ನಾದರೂ ಸಭೆಗೆ ಪರಿಚಯಿಸಿ ಎಂದರೆ ಸಾಕು, ಅವರಿಗೆ ಒಂದೆರಡು ಪದವಿ ಹೆಚ್ಚಾಗಿಯೇ ಸಿಗುತ್ತದೆ. ಲಂಡನ್ನಿಗೆ ಬಂದ ಮೇಲೂ ಈ ಚಟ ಬಿಡಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಇಲ್ಫರ್ಡಿನ ಹತ್ತಿರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ನಮ್ಮ ಹೆಡ್‌ಮಾಸ್ಟರು ಅಪ್ಪಟ ಇಂಗ್ಲಿಷರು, ಜೊತೆಗೆ ಸಾಹಿತಿ. ಪ್ರತಿ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅವರದೊಂದು ಪುಸ್ತಕ ಹೊರಬರುತ್ತಿತ್ತು. ನಾವು ಮಾಸ್ತರರೆಲ್ಲ ಅದನ್ನು ಕೊಂಡು, ಹಸ್ತಾಕ್ಷರ ಹಾಕಿಸಿಕೊಂಡು, ಭಕ್ತಿಯಿಂದ ಕಪಾಟಿನಲ್ಲಿಡುತ್ತಿದ್ದೆವು. ಓದುವ ಮಾತು ಯಾರೂ ಎತ್ತುತ್ತಿರಲಿಲ್ಲ.

ಆ ವರ್ಷ ಗಣಿತ ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಾಯಿತು. ನಾನು ಬಹಳ ವರ್ಷಗಳಿಂದ ಕಣ್ಣಿಟ್ಟಿದ್ದ ಜಾಗ, ಕೊಡುವವರು ಹೆಡ್‌ಮಾಸ್ಟರು. ನೇರವಾಗಿ ಕೇಳಲು ಸಂಕೋಚವಾಗಿ, ಕಿಂಗ್ಸ್‌ಬರಿಯ ನಮ್ಮ ಕನ್ನಡ ಕೂಟದಲ್ಲಿ ಅವರಿಗೊಂದು ಸನ್ಮಾನ ಏರ್ಪಡಿಸಿದೆ. ಕೂಟದವರಿಗೂ ಶಾಲು ಹೊದಿಸಲು ಒಬ್ಬ ಬಿಳಿಯ ಸಾಹಿತಿ ಬೇಕಾಗಿದ್ದರು. ಮೈಸೂರು ಪೇಟ ಹುಬ್ಬಿನವರೆಗೆ ಇಳಿದರೂ ಆ ಮನುಷ್ಯ ಮಿಸುಕಲಿಲ್ಲ.

ಪರಿಚಯ ಭಾಷಣ ನನ್ನದು, ಅವರಿಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ. ಅವರ ಜೀವನದ ಬಗ್ಗೆ ನನಗೆ ಗೊತ್ತಿದ್ದುದು ಎರಡೇ ಸಾಲು. ಆದರೆ ನಮ್ಮಲ್ಲಿ ಸನ್ಮಾನ ಮಾಡಿಸಿಕೊಳ್ಳುವವರು ಕಡುಬಡತನದಲ್ಲಿ ಹುಟ್ಟಿರಲೇಬೇಕಲ್ಲ! ಉಂಡುಟ್ಟು ಸುಖವಾಗಿ ಬೆಳೆದರು ಎಂದರೆ ಚಪ್ಪಾಳೆ ತಟ್ಟುವವರು ಯಾರು? ಹಾಗಾಗಿ ಅವರನ್ನು ಬರಿಗಾಲಲ್ಲಿ ಐದು ಮೈಲಿ ನಡೆಸಿದೆ, ಬೀದಿದೀಪದ ಕೆಳಗೆ ಕೂರಿಸಿ ಓದಿಸಿದೆ, ಅವರ ತಾಯಿಯ ಬಳೆ ಮಾರಿಸಿ ಕಾಲೇಜಿಗೆ ಕಳಿಸಿದೆ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಡ್‌ಮಾಸ್ಟರು ಎದ್ದು, ತಮ್ಮ ಬಗ್ಗೆ ತಮಗೇ ಗೊತ್ತಿರದ ಎಷ್ಟೋ ಸಂಗತಿಗಳು ಇಂದು ತಿಳಿದವು ಎಂದರು. ಎಂಥ ವಿನಯವೆಂದು ಸಭೆ ಮತ್ತೊಮ್ಮೆ ಚಪ್ಪಾಳೆ ತಟ್ಟಿತು.

ಮನೆಗೆ ಬಂದದ್ದೇ, ಧಾರವಾಡದವಳಾದ ನನ್ನ ಹೆಂಡತಿ ಕಪಾಟಿನಿಂದ ಅವರ ಆತ್ಮಕಥೆ ತೆಗೆದು ಮೊದಲ ಪುಟ ನನ್ನ ಮುಂದೆ ಹಿಡಿದಳು. "ಅವರಪ್ಪಂದು ಸ್ವಂತ ಬ್ಯಾಂಕ್ ಇತ್ತಂತ. ಮನ್ಯಾಗ ಮೂರು ಮಂದಿ ಮಾಲಿಗೋಳಿದ್ರಂತ. ಭಾಷಣ ಮಾಡೂ ಮುಂಚೆ ಒಂದು ಪುಟಾನೂ ಓದಬಾರದೇನ್ರಿ?" ಎಂದಳು.

ಸೋಮವಾರ ಹೆಡ್‌ಮಾಸ್ಟರು ಕೋಣೆಗೆ ಕರೆಸಿದರು. ಬೈಯಲಿಲ್ಲ, ಚಹಾ ಕೊಟ್ಟರು. ಈ ದೇಶದಲ್ಲಿ ಕೆಟ್ಟ ಸುದ್ದಿ ಬರುವುದೇ ಚಹಾದ ಜೊತೆ. ಆ ಜಾಗ ನನಗಿಂತ ಕಿರಿಯರೊಬ್ಬರ ಪಾಲಾಗಿತ್ತು. "ಗಣಿತಕ್ಕೆ ಇದ್ದದ್ದನ್ನು ಇದ್ದಷ್ಟೇ ಎಣಿಸುವವರು ಬೇಕು. ಆದರೆ ಮುಂದಿನ ತಿಂಗಳು ಇನ್‌ಸ್ಪೆಕ್ಟರುಗಳು ಬರುತ್ತಾರೆ. ಶಾಲೆಯ ಪರಿಚಯವನ್ನು ನೀವೇ ಬರೆಯಬೇಕು" ಎಂದರು. ಅದನ್ನೂ ಬರೆದುಕೊಟ್ಟೆ. ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿದರು, ಎಷ್ಟೆಂದರೂ ಸಾಹಿತಿ.

ಊರಿನಿಂದ ಅಣ್ಣ ಫೋನ್ ಮಾಡಿ ಬಡ್ತಿ ಏನಾಯಿತೆಂದು ಕೇಳಿದಾಗ ಸತ್ಯ ಹೇಳಲು ನಾಲಿಗೆ ಏಳಲಿಲ್ಲ. ಸಾಹೇಬರು ಇಡೀ ಶಾಲೆಯ ಮಾನವನ್ನೇ ನನ್ನ ಕೈಗೆ ಕೊಟ್ಟಿದ್ದಾರೆ ಎಂದೆ. ಒಂದು ರೀತಿಯಲ್ಲಿ ಅದು ನಿಜವೇ. ಆ ವರ್ಷ ರಜೆಗೆ ನಾನು ಊರಿಗೆ ಹೋಗಲಿಲ್ಲ. ಲಂಡನ್ನಿನಲ್ಲಿ ಹೆಡ್‌ಮಾಸ್ಟರಾದ ತಮ್ಮನ ಸನ್ಮಾನಕ್ಕೆಂದು ಅಣ್ಣ ಹಾಲ್ ಹಿಡಿದು, ಕರಪತ್ರ ಹಂಚಿ, ಶಾಲು ತಂದಿಟ್ಟಿದ್ದ. ಪರಿಚಯ ಭಾಷಣ ಅವನದೇ ಅಂತೆ.