ಎಂಟು ಜನರ ಟೆಂಟು

"ನಾಲ್ಕು ಜನಕ್ಕೆ ನಾಲ್ಕು ಜನರ ಟೆಂಟು ಸಾಕು ಸಾರ್" ಎಂದು ಅಂಗಡಿಯವನು ಹೇಳಿಬಿಟ್ಟ. ಪಾಪ, ಅವನಿಗೇನು ಗೊತ್ತು, ಎದುರಿಗೆ ನಿಂತಿರುವವನು ಲಿಫ್ಟ್ ಮೆಕ್ಯಾನಿಕ್ ಅಂತ!

ಇಪ್ಪತ್ತು ವರ್ಷದಿಂದ ಲಿಫ್ಟುಗಳ ಕೆಳಗೆ, ಮೇಲೆ, ಒಳಗೆ ತೂರಿಕೊಂಡೇ ಬದುಕಿದ ಮನುಷ್ಯ ಅವನು. ಅವನ ಮಟ್ಟಿಗೆ ವೇದವಾಕ್ಯ ಒಂದೇ. ಬೋರ್ಡಿನ ಮೇಲೆ ನಾಲ್ಕು ಜನ ಅಂತ ಬರೆದಿದ್ದರೆ ಎಂಟು ಜನರನ್ನು ಹೊರುವ ತಾಕತ್ತು ಇರಬೇಕು. ಮನೆಯ ಕುರ್ಚಿಯನ್ನೂ ಅವನು ಇದೇ ಲೆಕ್ಕದಲ್ಲಿ ಕೊಂಡಿದ್ದ. ಅದನ್ನು ಎತ್ತಿ ಗುಡಿಸಲು ಇಬ್ಬರು ಬೇಕು.

"ಎಂಟು ಜನರದ್ದು ತೆಗೀರಿ" ಎಂದ.

"ತುಂಬಾ ಭಾರ ಸಾರ್, ಹೊರೋದು ಕಷ್ಟ."

"ಹೊರೋನು ನಾನು. ನಿಮಗ್ಯಾಕ್ರೀ ಸೊಂಟನೋವು?"

ಕಂಬಿಗಳನ್ನು ಬಗ್ಗಿಸಿ ನೋಡಿದ. ಹೊಲಿಗೆಗಳ ಮೇಲೆ ಅಂಟಿಸಿದ್ದ ಪಟ್ಟಿಯನ್ನು ಉಗುರಿನಿಂದ ಕೆರೆದು ನೋಡಿದ. ಜಿಪ್ಪನ್ನು ನಲವತ್ತು ಸಲ ಎಳೆದ. ಕೊನೆಗೆ ಅಂಗಡಿಯವನು ಕೈಮುಗಿದ ಮೇಲೆ ಟೆಂಟನ್ನು ಹೆಗಲಿಗೇರಿಸಿಕೊಂಡು ಮನೆಗೆ ಬಂದ.

ಈ ಹಟದ ಹಿಂದೆ ಇದ್ದವನು ಭಾವಮೈದ. ಹನ್ನೊಂದು ವರ್ಷದಿಂದ ಇವನಿಗೆ ರಜೆ ಅಂತ ಸಿಕ್ಕಿದ್ದೆಲ್ಲ ಭಾವಮೈದನ ರಜೆಯೇ. ಎಲ್ಲಿಗೆ ಹೋಗಬೇಕು, ಎಷ್ಟಕ್ಕೆ ಏಳಬೇಕು, ಫೋಟೋದಲ್ಲಿ ಯಾರ ಪಕ್ಕ ಯಾರು ನಿಲ್ಲಬೇಕು ಎಂಬುದೆಲ್ಲ ಅವನದೇ ತೀರ್ಮಾನ. ಹನ್ನೊಂದು ವರ್ಷದ ಫೋಟೋಗಳಲ್ಲಿ ಇವನು ಒಂದರಲ್ಲೂ ಇಲ್ಲ. ತೆಗೆದವನು ಇವನೇ.

ಈ ಸಲ ಮಾತ್ರ ಇವನು ತಿರುಗಿಬಿದ್ದಿದ್ದ. ಕೆರೆಯ ದಂಡೆ, ಒಂದು ಟೆಂಟು, ತಾನು, ಹೆಂಡತಿ, ಇಬ್ಬರು ಮಕ್ಕಳು. ಐದನೆಯವರ ಉಸಿರೂ ಸೋಕಬಾರದು!

ಹೆಂಡತಿ ಸುಲಭಕ್ಕೆ ಬಗ್ಗುವವಳಲ್ಲ. "ಮಕ್ಕಳನ್ನ ಬಟ್ಟೆ ಮನೇಲಿ ಮಲಗಿಸ್ಬೇಕು ಅಂದ್ರೆ ಅದು ಬಿಸಿಲು, ಗಾಳಿ, ಮಳೆ ಮೂರೂ ತಡೀಬೇಕು. ಇವತ್ತು ಸಂಜೆಯೊಳಗೆ ತೋರಿಸಿ. ಇಲ್ದಿದ್ರೆ ತಮ್ಮ ಬುಕ್ ಮಾಡಿರೋ ಗೆಸ್ಟ್ ಹೌಸ್ ಇದ್ದೇ ಇದೆ, ನಾಳೆ ಅವನ ಜೊತೆನೇ ಹೊರಡೋಣ."

"ತೋರಿಸ್ತೀನಿ ಕಣೇ! ಇಡೀ ಬಿಲ್ಡಿಂಗ್ ಎದುರಿಗೇ ತೋರಿಸ್ತೀನಿ!"

ಕಟ್ಟಡದ ಹಿಂದಿನ ಅಂಗಳದಲ್ಲಿ ಟೆಂಟು ಎದ್ದು ನಿಂತಿತು. ಮೊದಲು ಇಳಿದು ಬಂದವರು ಒಂದನೇ ಮಹಡಿಯ ನಿವೃತ್ತ ಪೋಸ್ಟ್ ಮಾಸ್ಟರು. ಕರೆಯದಿದ್ದರೂ ಬರುವುದು, ಕೇಳದಿದ್ದರೂ ಹೇಳುವುದು ಅವರ ಸ್ವಭಾವ.

"ಏನ್ರೀ ಇದು, ಸರ್ಕಸ್ ಬಂತಾ?"

"ಟೆಂಟು ಸಾರ್. ಎಂಟು ಜನ ಆರಾಮಾಗಿ ಮಲಗಬಹುದು."

"ಎಂಟಾ? ಸುಮ್ನಿರ್ರೀ. ಐದು ಜನ ಹಿಡಿದ್ರೆ ನನ್ನ ಕಿವಿ ಕುಯ್ದು ಕೊಡ್ತೀನಿ."

"ಎಂಟು!"

"ಐದು!"

ಮೆಕ್ಯಾನಿಕ್ಕಿಗೆ ಮೈಯೆಲ್ಲ ಉರಿಯಿತು. ಮಹಡಿ ಮಹಡಿ ಹತ್ತಿ ಬಾಗಿಲು ಬಡಿದು ಏಳು ಜನರನ್ನು ಕರೆತಂದ. ಎಂಟನೆಯವರಾಗಿ ಪೋಸ್ಟ್ ಮಾಸ್ಟರನ್ನೇ ಒಳಗೆ ತಳ್ಳಿದ. ಸರಿಯಾಗಿ ನಡುಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲೆ. "ಅರ್ಧ ಗಂಟೆ ಯಾರೂ ಏಳೋ ಹಾಗಿಲ್ಲ!" ಎಂದು ಬಾಗಿಲಲ್ಲಿ ಕಾವಲು ನಿಂತ.

ಒಳಗಿದ್ದ ಮೂರನೇ ಮಹಡಿಯ ಟೈಲರಮ್ಮ ಸುಮ್ಮನೆ ಮಲಗಲಿಲ್ಲ. ಹೊಲಿಗೆ ಹೊಲಿಗೆಗೂ ಬೆರಳು ಹಾಕಿ ಜಗ್ಗಿದಳು. "ಹೊಲಿಗೆ ಪರವಾಗಿಲ್ಲ. ಆದ್ರೆ ಬಣ್ಣ ನೋಡಿದ್ರೆ ವಾಂತಿ ಬರುತ್ತೆ" ಎಂದಳು. ಗಾಳಿಕಂಡಿಗಳಿಂದ ತಂಪಾಗಿ ಗಾಳಿಯಾಡಿತು. ಅರ್ಧ ಗಂಟೆಯ ಮೇಲೆ ಏಳು ಜನ ಹೊರಗೆ ಬಂದರು. ಎಂಟನೆಯವರನ್ನು ಗೊರಕೆಯ ನಡುವೆ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಬಿಸಿಲು ಗೆದ್ದಾಯಿತು. ಇನ್ನು ಗಾಳಿ.

ಮೀಟಿಂಗ್ ಹಾಲಿನ ದೊಡ್ಡ ಫ್ಯಾನನ್ನು ಎಳೆದು ತಂದ. ಮದುವೆ ಗಂಡಿನ ಪೇಟವನ್ನೂ ಹಾರಿಸಿಬಿಡುವ ಫ್ಯಾನು ಅದು. ಸ್ವಿಚ್ ಹಾಕಿದ್ದೇ ತಡ, ಟೈಲರಮ್ಮ ಒಣಹಾಕಿದ್ದ ಯಾರದೋ ಹೊಸ ಪ್ಯಾಂಟು ಕಾಂಪೌಂಡ್ ದಾಟಿತು. "ಅಯ್ಯೋ, ಗಿರಾಕಿಯದು ಕಣ್ರೀ!" ಎಂದು ಅವಳು ಅದರ ಹಿಂದೆ ಓಡಿದಳು. ಟೆಂಟು ಬಗ್ಗಿತು, ನಡುಗಿತು, ಮತ್ತೆ ಎದ್ದು ನಿಂತಿತು.

"ಒಂದು ಹಗ್ಗ ಸಡಿಲ ಆಯ್ತು. ನೋಡ್ದೆ, ನೋಡ್ದೆ!" ಎಂದು ಪೋಸ್ಟ್ ಮಾಸ್ಟರು ಕುಣಿದರು.

ನಿಜವೇ. ಒಂದು ಮೂಲೆಯ ಹಗ್ಗ ಜೋತುಬಿದ್ದಿತ್ತು. ಮೆಕ್ಯಾನಿಕ್ ಹಲ್ಲು ಕಚ್ಚಿ ಹೆಚ್ಚುವರಿ ಗೂಟ ತೆಗೆದ. ಒಂದು ಗೂಟ ಸಾಕಾಗುವಲ್ಲಿ ಎರಡು ಎಂಬ ತನ್ನ ಲೆಕ್ಕದಂತೆ ಎರಡನೆಯದನ್ನೂ ತೆಗೆದು, ಸುತ್ತಿಗೆಯಿಂದ ಬುಡದವರೆಗೂ ಹೊಡೆದ. ಮೊದಲನೆಯದು ಮಣ್ಣಿಗಿಳಿಯಿತು. ಎರಡನೆಯದು ನೆಲದಡಿಯ ನೀರಿನ ಪೈಪಿಗಿಳಿಯಿತು.

ನೀರು ಆಳೆತ್ತರ ಚಿಮ್ಮಿ ಟೆಂಟಿನ ಮೇಲೆ ಸುರಿಯಿತು. ಐದೇ ನಿಮಿಷದಲ್ಲಿ ಅಂಗಳವೆಲ್ಲ ಪಾದ ಮುಳುಗುವಷ್ಟು ಕೆಸರು. ಕಟ್ಟಡದ ಸೆಕ್ರೆಟರಿ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಓಡಿ ಬಂದರು.

"ಸ್ನಾನಕ್ಕೆ ನೀರೇ ಬರ್ತಿಲ್ಲ! ಏನ್ರೀ ಮಾಡಿದ್ರಿ?"

"ಒಳಗೆ ಕೈ ಹಾಕಿ ನೋಡಿ ಸಾರ್! ಒಂದು ಹನಿ ಇದೆಯಾ?"

"ನಾನು ಪೈಪಿನ ಮಾತಾಡ್ತಿದೀನಿ!"

"ನಾನು ಟೆಂಟಿನ ಮಾತಾಡ್ತಿದೀನಿ! ಮೇಲಿಂದ ಮಳೆ, ಕೆಳಗಿಂದ ಪ್ರವಾಹ! ಇಂಥಾ ಪರೀಕ್ಷೆ ಯಾವ ಕಂಪನಿ ಮಾಡುತ್ತೆ ಹೇಳಿ!"

ಬೈಗುಳ ತಿನ್ನುತ್ತಲೇ ಮುಖ್ಯ ವಾಲ್ವ್ ಮುಚ್ಚಿದ, ಪೈಪು ಅಗೆದ, ಕತ್ತರಿಸಿದ, ಜೋಡಿಸಿದ. ಎರಡು ಗಂಟೆ ಹಿಡಿಯಿತು. ತಲೆಯಿಂದ ಕಾಲವರೆಗೂ ಕೆಸರು ಮೆತ್ತಿಕೊಂಡು ಎದ್ದು ನಿಂತಾಗ ಹೆಂಡತಿ ಟೆಂಟಿನೊಳಗೆ ಹೋಗಿದ್ದಳು. ನೆಲದ ಮೇಲೆ ಅಂಗೈ ಆಡಿಸಿದಳು. ಮೂಲೆಗಳನ್ನು ಮುಟ್ಟಿದಳು.

"ರೀ" ಎಂದಳು ಹೊರಗೆ ಬಂದು. "ಒದ್ದೆಯೇ ಆಗಿಲ್ಲ. ಒಂದು ಹನಿನೂ ಒಳಗೆ ಬಂದಿಲ್ಲ. ನೀವು ಗೆದ್ರಿ ಬಿಡಿ. ಕೆರೆಗೇ ಹೋಗೋಣ."

ಹನ್ನೊಂದು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ಅವನು ನೋಡಿರಲಿಲ್ಲ. ಕೆಸರು ಮುಖದಲ್ಲೇ ಅವನೂ ಹಲ್ಲು ಕಿರಿದ. ಆ ಖುಷಿಯಲ್ಲಿ ಅವಳು ಫೋನು ಹಿಡಿದು ಆಚೆ ಹೋಗಿದ್ದನ್ನು ಗಮನಿಸಲಿಲ್ಲ.

ಅರ್ಧ ಗಂಟೆಯೊಳಗೆ ಗೇಟಿನಲ್ಲಿ ಕಾರು ನಿಂತಿತು. ಭಾವಮೈದ ಇಳಿದ. ಅವನ ಹೆಂಡತಿ ಇಳಿದಳು. ಅವರ ಇಬ್ಬರು ಮಕ್ಕಳು ಧುಮುಕಿ ನೇರ ಟೆಂಟಿನೊಳಗೆ ಓಡಿದರು.

"ಭಾವ! ಅಕ್ಕ ಫೋನಲ್ಲಿ ಹೊಗಳಿದ್ದೇ ಹೊಗಳಿದ್ದು. ಎಂಟು ಜನ ಆರಾಮಾಗಿ ಹಿಡೀತಾರಂತೆ, ನಿಜಾನಾ?"

ಮೆಕ್ಯಾನಿಕ್ ಟೆಂಟಿನ ಬಾಗಿಲಿಗೆ ಅಡ್ಡ ನಿಂತ. "ಎಂಟಾ? ಅದು... ಸುಮ್ನೆ ಬರ್ದಿರ್ತಾರೆ. ಐದು ಜನ ಹಿಡಿದ್ರೆ ಹೆಚ್ಚು."

"ಯಾರ್ರೀ ಐದು ಅಂದಿದ್ದು?" ಪೋಸ್ಟ್ ಮಾಸ್ಟರು ಮುಂದೆ ನುಗ್ಗಿದರು. "ನಾನೇ ಮಲಗಿ ನೋಡಿದೀನಿ. ಎಂಟು ಜನ! ನಿದ್ದೆ ಕೂಡ ಬಂತು!"

"ಹಾಗಾದ್ರೆ ಸರಿ" ಎಂದು ಭಾವಮೈದ ಕೈ ತಿಕ್ಕಿಕೊಂಡ. "ನೀವು ನಾಲ್ಕು, ನಾವು ನಾಲ್ಕು. ಗೆಸ್ಟ್ ಹೌಸ್ ಆಗ್ಲೇ ಕ್ಯಾನ್ಸಲ್ ಮಾಡ್ದೆ. ಬೆಳಿಗ್ಗೆ ಐದಕ್ಕೆ ಏಳಬೇಕು. ಕ್ಯಾಮೆರಾ ನೀವು ತಗೊಳ್ಳಿ."

ಹನ್ನೊಂದು ವರ್ಷ ನುಂಗಿಕೊಂಡಿದ್ದೆಲ್ಲ ಆಗ ಒಮ್ಮೆಲೇ ಹೊರಬಿತ್ತು. ಮೆಕ್ಯಾನಿಕ್ ಸುತ್ತಿಗೆಯನ್ನು ನೆಲಕ್ಕೆ ಕುಕ್ಕಿದ.

"ಆಗಲ್ಲ! ನನ್ನ ಟೆಂಟು, ನನ್ನ ರಜೆ! ನೀನು ಬರೋದಾದ್ರೆ ನಾನು ಇದರೊಳಗೆ ಕಾಲಿಡಲ್ಲ. ಹೊರಗೆ ಬಯಲಲ್ಲಿ ಮಲಗ್ತೀನಿ. ಮಳೆ ಬರ್ಲಿ, ಸಿಡಿಲು ಹೊಡೀಲಿ, ಒಳಗೆ ಮಾತ್ರ ಬರಲ್ಲ! ಇಷ್ಟೂ ಜನರ ಮುಂದೆ ಹೇಳ್ತಿದೀನಿ, ಬೇಕಾದ್ರೆ ಬರ್ಕೊಳ್ಳಿ!"

ಹೆಂಡತಿ ಬಾಯಿ ಮೇಲೆ ಕೈಯಿಟ್ಟಳು. ಭಾವಮೈದ ಒಂದು ಕ್ಷಣ ಅವನನ್ನೇ ದಿಟ್ಟಿಸಿದ. ಆಮೇಲೆ ಓಡಿ ಬಂದು, ಕೆಸರನ್ನೂ ಲೆಕ್ಕಿಸದೆ, ಅವನನ್ನು ಬಾಚಿ ತಬ್ಬಿಕೊಂಡ.

"ಭಾವ ಅಂದ್ರೆ ನೀವು ಭಾವ! ಒಂಬತ್ತನೆಯವರಿಗೆ ಎಲ್ಲಿ ಜಾಗ ಮಾಡೋದು ಅಂತ ದಾರಿಯುದ್ದಕ್ಕೂ ತಲೆ ಕೆಡಿಸ್ಕೊಂಡು ಬಂದೆ" ಎಂದವನೇ ಕಾರಿನ ಕಡೆ ತಿರುಗಿ ಕೂಗಿದ. "ಅಮ್ಮಾ, ಇಳಿಯಮ್ಮ! ಭಾವ ತಮ್ಮ ಜಾಗ ನಿಂಗೆ ಬಿಟ್ಕೊಟ್ರು!"

ಕಾರಿನ ಹಿಂದಿನ ಬಾಗಿಲು ತೆರೆಯಿತು. ಅತ್ತೆ ದಿಂಬಿನ ಸಮೇತ ಇಳಿದರು.