ಶಿವಪುತ್ರಪ್ಪನ ಮೇಜುವಿಜಯ

ಮೂರನೆಯ ಕೊಡದ ನೀರನ್ನು ಪಡಸಾಲೆಯ ಕಲ್ಲುಹಾಸಿನ ಮೇಲೆ ಸುರಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಸಬರಿಗೆ ಎತ್ತಿದ ನೀಲಗಂಗವ್ವ ಇನ್ನೇನು ನೂಕಬೇಕು, ಅಷ್ಟರಲ್ಲಿ ನೀರು ಎಂದಿನಂತೆ ತಾನಾಗಿಯೇ ಹೊರಟಿತು. ಅಡುಗೆಮನೆ ಕಡೆಯದು ಅಡ್ಡಹಾದು, ತಲೆಬಾಗಿಲ ಕಡೆಯದು ಓರೆಯಾಗಿ ಇಳಿದು, ಎರಡೂ ಬಚ್ಚಲ ಮೂಲೆಯಲ್ಲಿ ಕೂಡಿ ಕಣ್ಮರೆಯಾದವು. ನಲವತ್ತೊಂದು ವರ್ಷದಿಂದ ಆ ನೀರು ಹಾಗೆಯೇ ಹೋಗುತ್ತಿದೆ. ಯಾರೂ ದಾರಿ ತೋರಿಸಬೇಕಿಲ್ಲ. ಇದೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಿ, ತಾಯಂದಿರೇ. ಮುಂದೆ ಬೇಕಾಗುತ್ತದೆ.

ಈಗ ಕೈಮುಗಿಯೋಣ. ರಾತ್ರಿಶಾಲೆಯ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಾಗಿ ನಲಿದ ಶಾರದೆಯೇ, ನಾಲಗೆಗೆ ಬಾ! ಕಲಿಯುಗದಲ್ಲಿ, ಶುಕ್ಲಪಕ್ಷದ ಗುರುವಾರ, ನಲ್ಲಿಗೆ ನೀರು ಬಂದ ದಿವ್ಯಮುಹೂರ್ತದಲ್ಲಿ, ಮಗ್ಗನಿನಾದನಿತ್ಯಮುಖರಿತವಾದ ಬೆಟಗೇರಿಯೆಂಬ ಪುರದಲ್ಲಿ, ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಟೈಮ್‌ಕೀಪರನಾಗಿ ಮೆರೆದ, ಪರವಿಲಂಬಲೇಖನಚತುರನೂ, ಕೆಂಪುಮಸಿಭಯಂಕರನೂ, ಚಾಲಕನಿರ್ವಾಹಕಹೃದಯಕಂಪನನೂ, ಜೀವಮಾನದಲ್ಲಿ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆಯದವನೂ ಆದ ಶಿವಪುತ್ರಪ್ಪನು ಮೇಜೊಂದನ್ನು ನಿರ್ಮಿಸಲು ಗರಗಸ ಹಿಡಿದು ಎದ್ದು ನಿಂತ ಕಥೆಯನ್ನು ಹಾಡಿಸು!

ಇಂಥ ಸಮರಕ್ಕೆ ಮೂಲವಾದುದು ಒಂದು ಕಾಗದ.

ಒಂಬತ್ತು ವರ್ಷದ ಹಿಂದೆ ಬಳಗದವರ ಮದುವೆಯಲ್ಲಿ, ಬೀಗರಿಗೆ ಯಾವ ಸೀರೆ ಉಡಿಸಬೇಕೆಂಬ ಘನವಾದ ವಿಷಯದಲ್ಲಿ ನೀಲಗಂಗವ್ವ ಬಾಯಿ ಹಾಕಿದಳು. ಅವಳ ಅಕ್ಕ, ಗುಳೇದಗುಡ್ಡದ ದಾನವ್ವ, ನಾಲ್ಕನೆಯ ಇಯತ್ತೆ ಕಲಿತ ಪಂಡಿತೆ, ಹಂದರ ತುಂಬ ಕೇಳುವಂತೆ ಅಂದಳು: "ಹೆಬ್ಬೆಟ್ಟಿನಾಕಿಗೆ ಏನ ತಿಳೀತೈತಿ? ಸುಮ್ನ ಕುಂದ್ರು."

ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು. ಮನಸ್ಸು ತಡೆಯದೆ ನೀಲಗಂಗವ್ವ ಎರಡು ಸಲ ಫೋನು ಮಾಡಿದಳು. ದನಿ ಕೇಳಿದೊಡನೆ ದಾನವ್ವ ಫೋನು ಇಟ್ಟಳು. ಫೋನನ್ನು ಇಟ್ಟುಬಿಡಬಹುದು, ಒಡೆದ ಕಾಗದವನ್ನು ಓದದೆ ಇಡುವ ಹೆಂಗಸು ಇನ್ನೂ ಹುಟ್ಟಿಲ್ಲ ಎಂದುಕೊಂಡ ನೀಲಗಂಗವ್ವ ಅರವತ್ತೊಂದನೆಯ ವಯಸ್ಸಿನಲ್ಲಿ ರಾತ್ರಿಶಾಲೆಗೆ ಹೋದಳು. ಒತ್ತಕ್ಷರಗಳ ಅಡವಿಯನ್ನು ದಾಟಿ ಬಂದಳು. ಒಂದು ಇನ್‌ಲ್ಯಾಂಡ್ ಪತ್ರ ತಂದು ನೆಲದ ಮೇಲೆ ಹರವಿದಳು. ಆಗಲೇ ಪತಿದೇವರ ಪ್ರತಿಜ್ಞೆಯಾದುದು.

"ನೆಲದ ಮ್ಯಾಲ ಡೊಗ್ಗಿ ಬರೀತೀಯೇನ? ಅಕ್ಷರ ಸೊಟ್ಟ ಆದ್ರ ಗುಳೇದಗುಡ್ಡದಾಗ ನನ್ನ ಮರ್ಯಾದಿ ಏನಾಗಬೇಕ? ನಾ ಟೇಬಲ್ ಮಾಡಿ ಕೊಡ್ತೀನಿ, ಅದರ ಮ್ಯಾಲ ಬರಿ. ಎಂಟ ದಿನಾ!"

ಎಂಟು ದಿನ ಒಂದೂವರೆ ವರ್ಷವಾಯಿತು. ನಾಲ್ಕು ನಿಮಿಷ ತಡವಾದ ಬಸ್ಸನ್ನು ಕೆಂಪು ಮಸಿಯಲ್ಲಿ ಬರೆದಿಡುತ್ತಿದ್ದ ಮಹಾನುಭಾವನ ತಡವನ್ನು ಬರೆದಿಡಲು ಯಾರೂ ಇರಲಿಲ್ಲ. ನೀಲಗಂಗವ್ವನೂ ಅಷ್ಟೇನೂ ಅವಸರ ಮಾಡಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. "ಅಕ್ಕಾ" ಎಂದು ಬರೆದ ಮೇಲೆ ಮುಂದೇನು ಬರೆಯಬೇಕೆಂದು ತಿಳಿಯದವರಿಗೆ ಮನೆಯಲ್ಲಿ ಟೇಬಲ್ ಇಲ್ಲದಿರುವುದೂ ಒಂದು ಅನುಕೂಲವೇ.

ಆದರೆ ಆ ವಾರ ಸುದ್ದಿ ಬಂತು. ದಾನವ್ವನ ಒಂದು ಕಣ್ಣು ಹೋಗಿದೆ, ಇನ್ನೊಂದು ದಿನದಿನಕ್ಕೆ ಮಬ್ಬಾಗುತ್ತಿದೆ.

"ರೀ, ಅಕ್ಕನ ಕಣ್ಣ ಇರೂದ್ರಾಗ ನನ್ನ ಅಕ್ಷರ ಆಕಿಗೆ ಮುಟ್ಟಬೇಕ್ರಿ," ಎಂದಳು ನೀಲಗಂಗವ್ವ. "ಶನಿವಾರ ಟಪಾಲಿಗೆ ಹಾಕೂದ. ಟೇಬಲ್ ಇದ್ರ ಇರವಲ್ದ್ಯಾಕ, ಇಲ್ಲಂದ್ರ ಬಿಡವಲ್ದ್ಯಾಕ."

ಹೀಗೆ ರಣಭೇರಿ ಮೊಳಗಿತು. ಅಟ್ಟದ ಮೇಲೆ ಜೇಡಕುಲಪರಿಪಾಲಿತವಾಗಿದ್ದ ಹಳೆಯ ಬಾಗಿಲ ಹಲಗೆಯೊಂದು ಧರೆಗಿಳಿಯಿತು. ಬೇವಿನ ನಾಲ್ಕು ಕಾಲುಗಳು ಪೇಟೆಯಿಂದ ಆಟೋರಿಕ್ಷಾವಾಹನಾರೂಢವಾಗಿ ಬಂದವು. ಗೋಡೆಯಾಚೆಯಿಂದ ಪಕ್ಕದ ಮನೆಯ ಬಡಿಗೇರ ಮೌನೇಶ ಇಣುಕಿದನು.

"ಕಾಕಾರ, ಅರ್ಧಾ ದಿನದ ಕೆಲಸ ಐತ್ರಿ. ನಾ ಮಾಡಿ ಕೊಡ್ತೀನಿ ಬಿಡ್ರಿ. ನೀವು ಗರಗಸ ಹಿಡಿದದ್ದು ನೋಡಿದ್ರ ನನಗ ಎದಿ ಝಲ್ ಅಂತೈತಿ."

ಆಗ ಕ್ರಕಚಪಾಣಿಯಾದ ಶಿವಪುತ್ರಪ್ಪನು ಮೀಸೆಯ ಮೇಲೆ ಕೈಯಾಡಿಸಿ, "ಎಲೈ ದಾರುಕರ್ಮಕೋವಿದನೇ! ಮುನ್ನೂರು ಬಸ್ಸುಗಳ ಆಗಮನನಿರ್ಗಮನಗಳನ್ನು ಕಣ್ಸನ್ನೆಯಲ್ಲಿ ನಡೆಸಿದ ಈ ಭುಜಗಳಿಗೆ ನಾಲ್ಕು ಕಾಲಿನ ಜಡಮೃಗವೊಂದು ಯಾವ ಲೆಕ್ಕ? ಸೂರ್ಯನು ಪಡುವಣಕ್ಕೆ ಸರಿಯುವ ಮುನ್ನ ಇದನ್ನು ನಿಲ್ಲಿಸದಿದ್ದರೆ ನಾನು ಡಿಪೋದ ಅನ್ನ ಉಂಡವನೇ ಅಲ್ಲ!" ಎಂದು ಮನಸ್ಸಿನಲ್ಲಿ ಗರ್ಜಿಸಿದನು. ಬಾಯಿಂದ ಹೊರಟದ್ದು ಮಾತ್ರ, "ನಿನ್ನ ಕೆಲಸಾ ನೀ ನೋಡ್ಕೋಪಾ," ಎಂದು.

ಬಳಿಕ ನಡೆದ ಘೋರವನ್ನು ಏನೆಂದು ವರ್ಣಿಸಲಿ! ಗರಗಸವು ಗೆರೆಯನ್ನು ಬಿಟ್ಟು ತನಗೆ ತೋಚಿದ ದಿಕ್ಕಿಗೆ ದಂಡಯಾತ್ರೆ ಹೊರಟಿತು. ಹದಿನೇಳು ಮೊಳೆಗಳು ತಲೆಬಾಗಿ ಶರಣಾದವು. ಹದಿನೆಂಟನೆಯದು ಪಕ್ಕಕ್ಕೆ ಸರಿದು, ಸುತ್ತಿಗೆಯು ವೀರನ ಎಡಗೈ ಹೆಬ್ಬೆಟ್ಟಿನ ಮೇಲೆ ಅಶನಿಪಾತದಂತೆ ಎರಗಿತು. ಅರಿಸಿನ ಹಚ್ಚಿ ಬಟ್ಟೆ ಸುತ್ತಿದ್ದು ಯಾರೆಂದು ಬೇರೆ ಹೇಳಬೇಕೇ?

ಸಂಜೆಗೆ ಮೇಜು ಎದ್ದು ನಿಂತಿತು. ಪಡಸಾಲೆಯ ನಡುವೆ, ಸೊಂಟದೆತ್ತರ. ಶಿವಪುತ್ರಪ್ಪ ಅದರ ಮೇಲೆ ಮೊಣಕೈ ಊರಿದನು.

ಟಕ್.

"ಒಂದ ಕಾಲ ಉದ್ದ ಆಗೇತಿ," ಎಂದು ಕೊಯ್ದನು. ಟಕ್. ಈಗ ಇನ್ನೊಂದು ಉದ್ದ. ಅದನ್ನೂ ಕೊಯ್ದನು. ಶುಕ್ರವಾರ ಮಧ್ಯಾಹ್ನಕ್ಕೆ ಮೇಜು ಮೊಣಕಾಲಿನೆತ್ತರಕ್ಕೆ ಇಳಿದು, ಅಲುಗಾಡದೆ ನಿಂತಿತು. ಜಯಘೋಷವಾಯಿತು. ಬೆಳಕು ಬೇಕೆಂದು ಅದನ್ನು ಕಿಟಕಿಯ ಬಳಿ ಒಯ್ದಿಟ್ಟರು.

ಟಕ್.

ಜೋಳ ಹಸನು ಮಾಡುತ್ತ ಕುಳಿತಿದ್ದ ನೀಲಗಂಗವ್ವ ತಲೆ ಎತ್ತಿದಳು. "ರೀ, ಅದು ಕಾಲಿಂದಲ್ರಿ, ನೆಲದ್ದು..."

"ಕಟಗಿ ಕೆಲಸ ನಿನಗೇನ ತಿಳೀತೈತಿ? ಸುಮ್ನ ಕುಂದ್ರು."

ಈ ಮಾತನ್ನು ಅವಳು ಮೊದಲೂ ಒಮ್ಮೆ ಕೇಳಿದ್ದಳು. ಮೊರದ ಜೋಳವನ್ನು ಒಂದು ಸಲ ಜೋರಾಗಿ ಕೇರಿದಳು, ಅಷ್ಟೇ.

ಕಿಟಕಿಯ ಬಳಿ ಕೊಯ್ದು ನಿಲ್ಲಿಸಿದ್ದು ಮಂಚದ ಬಳಿ ನಿಲ್ಲಲಿಲ್ಲ. ಮಂಚದ ಬಳಿ ಕೊಯ್ದದ್ದು ತಲೆಬಾಗಿಲಲ್ಲಿ ನಿಲ್ಲಲಿಲ್ಲ. ಮೇಜು ಪಡಸಾಲೆಯ ಅಷ್ಟದಿಕ್ಕುಗಳನ್ನೂ ಸಂಚರಿಸಿ, ಹೋದಲ್ಲೆಲ್ಲ ತನ್ನ ಕಾಲಿನ ಒಂದೊಂದು ತುಂಡನ್ನು ಕಾಣಿಕೆ ಒಪ್ಪಿಸುತ್ತ ಬಂದಿತು. ಶನಿವಾರ ಮೂರು ಗಂಟೆಗೆ ಅದರ ಕಾಲುಗಳು ನಾಲ್ಕು ಬೆರಳಿನಷ್ಟು ಉಳಿದಿದ್ದವು. ಮಹಾರಥಿಯು ಮರದ ಹೊಟ್ಟಿನ ರಾಶಿಯ ನಡುವೆ ಕುಸಿದು, ಗರಗಸವನ್ನು ಬದಿಗೆಸೆದನು.

ನೀಲಗಂಗವ್ವ ಎದ್ದಳು. ಒಂದು ತಂಬಿಗೆ ನೀರು ತಂದಳು. ಗಂಡನಿಗೆ ಕುಡಿಯಲು ಕೊಡುತ್ತಾಳೆಂದು ಅವನೂ ಕೈ ಚಾಚಿದನು. ಅವಳು ಅದನ್ನು ಅವನ ಮುಂದೆ ನೆಲಕ್ಕೆ ಸುರಿದಳು.

ನೀರು ಮೇಜಿನ ಒಂದು ಕಾಲನ್ನು ಬಳಸಿ, ಇನ್ನೊಂದರ ಅಡಿಯಲ್ಲಿ ನುಸುಳಿ, ಒಂದು ಕಲ್ಲಿನ ಮೇಲೆ ಹೀಗೆ, ಇನ್ನೊಂದರ ಮೇಲೆ ಹಾಗೆ ಹೊರಳಿ, ಬಚ್ಚಲು ಸೇರಿತು.

"ಇದೇನ, ನಮ್ಮ ಮನಿ ನೆಲಾ ಸೊಟ್ಟ ಐತೇನ?"

"ಸೊಟ್ಟಲ್ರಿ. ತೊಳದ ನೀರ ಎಲ್ಲಾ ಕಡಿಂದ ಬಚ್ಚಲಕ ಹೋಗ್ಲೆಂತ ಮಾವನೋರು ಒಂದೊಂದ ಕಲ್ಲೂ ವಾಲಿಸಿ ಹಾಕಿಸ್ಯಾರ."

"ನನಗ ಯಾಕ ಗೊತ್ತಾಗ್ಲಿಲ್ಲ?"

"ಒಂದ ದಿನಾ ತೊಳದಿದ್ರ ಗೊತ್ತಾಗತಿತ್ರಿ."

ಗೋಡೆಯಾಚೆ ಮೌನೇಶನಿಗೆ ಭಯಂಕರ ಕೆಮ್ಮು ಬಂತು.

ನೀಲಗಂಗವ್ವ ಆ ಮಹಾನಿರ್ಮಾಣವನ್ನು ಕಿಟಕಿಯ ಬಳಿಗೆ ಎಳೆದು, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಟಕ್ ಎಂದಿತು, ಅನ್ನಲಿ ಎಂದಳು. ಹಿಟ್ಟು ನಾದುವ ಪರಾತವನ್ನು ತೊಡೆಯ ಮೇಲೆ ಬೋರಲು ಹಾಕಿ ಕಾಗದ ಹರವಿದಳು. "ಅಕ್ಕಾ" ಎಂದು ಬರೆದಳು. ಪಟ್ಟಿ ಕಟ್ಟಿದ ಹೆಬ್ಬೆಟ್ಟನ್ನು ಎತ್ತಿ ಹಿಡಿದು ಕುಳಿತ ಗಂಡನನ್ನು ಒಮ್ಮೆ ನೋಡಿದಳು. ತುಟಿಯಂಚಿನಲ್ಲಿ ನಗು ಬಂತು, ಕೈ ಓಡಿತು. ಅಕ್ಕನ ಮಬ್ಬುಗಣ್ಣಿಗೆ ಕಾಣಬೇಕೆಂದು ಒಂದೊಂದು ಅಕ್ಷರವನ್ನೂ ಹೆಬ್ಬೆಟ್ಟಿನಷ್ಟು ದಪ್ಪ ಬರೆದಳು. ಹಾಗಾಗಿ ಕಾಗದದಲ್ಲಿ ಹೆಚ್ಚು ಮಾತು ಹಿಡಿಯಲಿಲ್ಲ.

"ತಪ್ಪಗಿಪ್ಪ ಆಗೇತೇನ ನೋಡ್ತೀನಿ ತಾ," ಎಂದು ಶಿವಪುತ್ರಪ್ಪ ಕಾಗದ ತೆಗೆದುಕೊಂಡು ಓದಿದನು:

"ಅಕ್ಕಾ, ನಾನು ನೀಲಾ. ನನ್ನ ಕೈಲೇ ಬರದೀನಿ. ಇವರು ಟೇಬಲ್ ಮಾಡಾಕ ಹೋಗಿ ಕುಂದ್ರೂ ಮಣಿ ಮಾಡ್ಯಾರ. ಹೆಬ್ಬೆಟ್ಟ ಜಜ್ಜಿಕೊಂಡಾರ. ಮಣಿ ಅಲಗಾಡತೈತಿ. ಬಂದು ಕುಂತು ನೋಡು."

ತಪ್ಪು ಒಂದೂ ಇರಲಿಲ್ಲ. ಅದೇ ತೊಂದರೆ.

"ಗುಳೇದಗುಡ್ಡದಾಗ ನನ್ನ ಮರ್ಯಾದಿ..."

"ಟಪಾಲ ಡಬ್ಬಿ ತಗಿಯೂದು ನಾಕೂವರಿಗೆ," ಎಂದಳು ನೀಲಗಂಗವ್ವ. "ಈಗೆಷ್ಟಾತ್ರಿ?"

ಮೂವತ್ತೆರಡು ವರ್ಷದ ರೂಢಿ. ಕಣ್ಣು ತಾನಾಗಿಯೇ ಗಡಿಯಾರ ನೋಡಿತು. ನಾಲ್ಕು ಹತ್ತೊಂಬತ್ತು. ತನ್ನ ಪರಾಜಯದ ವಾರ್ತೆಯನ್ನು ತಾನೇ ಅಂಗಿಯ ಕಿಸೆಯಲ್ಲಿ ಹೊತ್ತು, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ ಮೆಟ್ಟಿ, ಪರವಿಲಂಬಲೇಖನಚತುರನು ಬೀದಿಯಲ್ಲಿ ಓಡಿದನು. ಕೆಂಪು ಡಬ್ಬಿಯ ಬಳಿ ಟಪಾಲಿನವನು ಚೀಲ ಬಿಚ್ಚುತ್ತಿದ್ದನು.

"ಲೇಟ್ ಆತೇನಪಾ?"

"ಇನ್ನೂ ಎರಡ ನಿಮಿಷ ಐತ್ರಿ. ಹಾಕ್ರಿ."

ಶಿವಪುತ್ರಪ್ಪ ಡಬ್ಬಿಯ ಬಾಯಿಯ ಬಳಿ ಕೈ ಒಯ್ದು ಒಂದು ಕ್ಷಣ ನಿಂತನು. ಬಿಟ್ಟನು. ಒಂದೂವರೆ ವರ್ಷ ತಡವಾಗಿದ್ದ ಕಾಗದ ಎರಡು ನಿಮಿಷ ಮುಂಚೆ ಹೊರಟಿತು.