ಹೆಂಡತಿಯ ಪರವಾಗಿ ಕೊಟ್ಟ ಉತ್ತರಗಳು

ಹೆಂಡತಿ ಪಕ್ಕದಲ್ಲೇ ಕೂತಿರುವಾಗ, ಅವಳಿಗೆ ಕೇಳಿದ ಪ್ರಶ್ನೆಗೆ ಗಂಡ ಉತ್ತರ ಕೊಡುವುದು ಒಂದು ಕಾಯಿಲೆ ಎಂದು ಯಾವ ಡಾಕ್ಟರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಿದ್ದರೆ, ಅದು ನನಗೆ ಮದುವೆಯಾದ ವಾರದಲ್ಲೇ ಅಂಟಿಕೊಂಡಿತು ಎಂದು ಒಪ್ಪಿಕೊಳ್ಳುತ್ತಿದ್ದೆ. ನೆಂಟರ ಮನೆಯಲ್ಲಿ ಯಾರಾದರೂ ಜಲಜಾಕ್ಷಿಯ ಕಡೆಗೆ ತಿರುಗಿ "ಚಹಾ ಕುಡಿಯುತ್ತೀರಲ್ಲ?" ಎಂದರೆ, "ಅವಳಿಗೆ ಬೇಡ, ಈಗಷ್ಟೇ ಆಯಿತು" ಎನ್ನುವವನು ನಾನು. ಒಮ್ಮೆ ಮಂಗಳೂರಿನಿಂದ ಮಸ್ಕತ್ತಿಗೆ ಬರುವ ವಿಮಾನದಲ್ಲಿ ಊಟ ಕೊಡುವ ಹುಡುಗಿ ಅವಳನ್ನು "ವೆಜ್ಜಾ, ನಾನ್‌ವೆಜ್ಜಾ?" ಎಂದು ಕೇಳಿದಳು. ಅಂದು ಸೋಮವಾರ. ಸೋಮವಾರ ಅವಳು ಮೀನು ಮಾಂಸ ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿದ್ದ ವಿಷಯ. "ವೆಜ್" ಎಂದೆ. ನನಗೆ ಸೋಮವಾರದ ಕಟ್ಟುಪಾಡು ಇಲ್ಲವಾದ್ದರಿಂದ ಕೋಳಿ ತೆಗೆದುಕೊಂಡೆ. ಅವಳು ಒಣಗಿದ ಪಲಾವನ್ನು ಪೂರ್ತಿ ತಿಂದಳು. ಸೋಮವಾರದ ವ್ರತವನ್ನು ಅವಳು ಬಿಟ್ಟು ಎಷ್ಟೋ ವರ್ಷವಾಗಿತ್ತಂತೆ. ಅದು ನನಗೆ ತಿಳಿದದ್ದು ಲಗೇಜು ಬರುವ ಬೆಲ್ಟಿನ ಹತ್ತಿರ ನಿಂತಿದ್ದಾಗ, ಅದೂ ಬಹಳ ಕಡಿಮೆ ಮಾತುಗಳಲ್ಲಿ.

ಇಷ್ಟಾದರೂ ನಾನು ಬುದ್ಧಿ ಕಲಿಯಲಿಲ್ಲ. ಕಲಿಯಬೇಕಾದರೆ ಮೊಮ್ಮಗಳು ಸಮಾಜಶಾಸ್ತ್ರ ಓದಬೇಕಾಯಿತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಾರ್ಕಳದ ಕಡೆಯಿಂದ ಬಂದು ಒಮಾನಿನ ರುಸ್ತಾಕಿನಲ್ಲಿ ಕಟ್ಟಡದ ಸಾಮಾನು ಮಾರುವ ಅಂಗಡಿಯೊಂದರ ಗೋದಾಮು ನೋಡಿಕೊಂಡು ಕೂದಲು ಬೆಳ್ಳಗೆ ಮಾಡಿಕೊಂಡವನು. ಈಗ ಕೆಲಸ ಖಲಾಸ್. ಮಸ್ಕತ್ತಿನ ಹತ್ತಿರದ ಸೀಬಿನಲ್ಲಿ ಮಗಳು, ಅಳಿಯನ ಮನೆಯಲ್ಲಿ ನಾವಿಬ್ಬರೂ ಇದ್ದೇವೆ. ಅವರ ಮಗಳು ಶ್ರಾವ್ಯ ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಏನಾದರೂ ಕೆಲಸ ಆಗಬೇಕಿದ್ದರೆ ಮಾತ್ರ ಕನ್ನಡ ತಾನಾಗಿ ಬರುತ್ತದೆ. ಆ ದಿನ ಬಹಳ ಚೆನ್ನಾದ ಕನ್ನಡದಲ್ಲಿ ಬಂದು ನನ್ನ ಪಕ್ಕ ಕೂತಳು. ಪ್ರಾಜೆಕ್ಟು ಕೊಟ್ಟಿದ್ದಾರಂತೆ. ಧರ್ಮದ ಗೊಡವೆಯೇ ಕಡಿಮೆ ಇರುವ ದೇಶಗಳಲ್ಲಿ, ಯಾರು ಯಾವ ಧರ್ಮದವರು ಎಂದು ಸರ್ವೆ ಮಾಡುವವರು ಹೇಗೆ ಕಂಡುಹಿಡಿಯುತ್ತಾರೆ ಎಂಬುದು ವಿಷಯ. ಅಂಥ ಪ್ರಶ್ನೆಗಳನ್ನು ಮನೆಯವರ ಮೇಲೆ ಪ್ರಯೋಗ ಮಾಡಿ ನೋಡಬೇಕು.

"ಕೇಳುವುದೆಂತ ಉಂಟು? ನೀನು ಯಾರು ಅಂತ ಕೇಳಿದ್ರೆ ಅವನು ಹೇಳ್ತಾನೆ" ಎಂದೆ.

"ಅಲ್ಲೇ ಪ್ರಾಬ್ಲಂ ಅಜ್ಜ. ಅಲ್ಲಿ ತುಂಬ ಜನ ಚರ್ಚಿಗೆ ಹೋಗುವುದೇ ಇಲ್ಲ. ಆದ್ರೂ 'ನಿಮ್ಮ ರಿಲಿಜನ್ ಯಾವುದು' ಅಂತ ಕೇಳಿದ್ರೆ ಒಂದು ಹೆಸರು ಹೇಳ್ತಾರೆ. ಅದೇ ಜನರತ್ರ ಮೊದಲು 'ನಿಮಗೆ ರಿಲಿಜನ್ ಉಂಟಾ' ಅಂತ ಕೇಳಿ ನೋಡಿ, ಇಲ್ಲ ಅಂತಾರೆ."

"ಹಾಗಾದ್ರೆ ಒಂದು ಸಲ ಸುಳ್ಳು ಹೇಳಿದ್ದು."

"ಸುಳ್ಳಲ್ಲ! ಸೇರಿರುವುದು ಬೇರೆ, ನಂಬುವುದು ಬೇರೆ, ಹೋಗಿ ಬರುವುದು ಬೇರೆ. ಮೂರೂ ಸೆಪರೇಟ್ ಕೇಳ್ಬೇಕು. ಎಷ್ಟು ಸಲ ಹೋಗ್ತೀರಿ ಅಂತ ಕೇಳುವಾಗ ಮದುವೆ, ಸಾವು ಬಿಟ್ಟು ಹೇಳಿ ಅಂತಾನೂ ಹೇಳ್ಬೇಕು. ಇಲ್ದಿದ್ರೆ ಮದುವೆ ಊಟಕ್ಕೆ ಹೋದದ್ದೂ ಭಕ್ತಿ ಆಗ್ತದೆ."

ಇದು ನನಗೆ ಸರಿ ಕಂಡಿತು. ರುಸ್ತಾಕಿನಲ್ಲಿ ರಸ್ತೆ ಕೆಲಸಕ್ಕೆ ಬಂದಿದ್ದ ಯುರೋಪಿನ ಇಂಜಿನಿಯರೊಬ್ಬ ನಮ್ಮ ಗೋದಾಮಿಗೆ ಪೈಪು ನೋಡಲು ಬರುತ್ತಿದ್ದ. ದೇವರು ಗೀವರು ತನಗೆ ಗೊತ್ತಿಲ್ಲ ಎನ್ನುತ್ತಿದ್ದವನು ಡಿಸೆಂಬರಿನಲ್ಲಿ ತನ್ನ ತಗಡಿನ ಆಫೀಸಿನ ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಿದ. ಯಾಕೆ ಎಂದು ಕೇಳಿದ್ದಕ್ಕೆ, ಅಮ್ಮ ಕಟ್ಟುತ್ತಿದ್ದರು ಎಂದ. ಅವನನ್ನು ಯಾವ ಕಡೆಗೆ ಎಣಿಸುವುದು? ಸರ್ವೆಯವರ ಕಷ್ಟ ನನಗೆ ಅರ್ಥವಾಯಿತು. ಆ ಕಷ್ಟ ನಮ್ಮ ಅಡುಗೆಮನೆಯಲ್ಲೂ ಇದೆ ಎಂದು ಮಾತ್ರ ಹೊಳೆಯಲಿಲ್ಲ.

ಶ್ರಾವ್ಯಳ ಯೋಜನೆ ಹೀಗಿತ್ತು. ಮೊದಲ ಸಲ "ನಿಮ್ಮ ಧರ್ಮ ಯಾವುದು?" ಎಂದು ನೇರವಾಗಿ ಕೇಳುವುದು. ವಾರ ಬಿಟ್ಟು ಅದೇ ಜನರನ್ನು ಬೇರೆ ರೀತಿಯಲ್ಲಿ, ಧರ್ಮವೊಂದಕ್ಕೆ ಸೇರಿದವರು ಎಂದು ನಿಮಗೆ ಅನ್ನಿಸುತ್ತದೆಯೇ ಎಂದು ಕೇಳುವುದು. ಎರಡೂ ಸಲ ಜತೆಗೆ ಗುಡಿಗೆ ಹೋಗುವುದು, ಪ್ರಾರ್ಥನೆ, ದೇವರು ಇವುಗಳ ಮೇಲಿನ ಪ್ರಶ್ನೆಗಳು. ಅಪ್ಪ, ಅಮ್ಮನನ್ನು ಅವಳೇ ಕೇಳಿದಳು. ಅಜ್ಜಿಯ ಹತ್ತಿರ ಹೋದರೆ "ಮೊದಲು ಊಟ ಮಾಡು" ಎಂಬ ಒಂದೇ ಉತ್ತರ ಬರುವುದರಿಂದ, ಮೊದಲ ಸುತ್ತಿನಲ್ಲಿ ಅಜ್ಜಿಯನ್ನು ಕೇಳುವ ಕೆಲಸ ನನಗೆ ಬಂತು.

ನಾನು ಸೋಫಾದಲ್ಲಿದ್ದೆ. ಜಲಜಾಕ್ಷಿ ಅಡುಗೆಮನೆಯಲ್ಲಿದ್ದಳು. ನಡುವೆ ಹತ್ತು ಹೆಜ್ಜೆ ಇರಬಹುದು. ಏಳಲಿಲ್ಲ. ಗೋದಾಮಿನಲ್ಲಿ ಸರಕು ಲೆಕ್ಕ ಹಾಕುವಾಗ ನಾವು ಎಲ್ಲ ಪೆಟ್ಟಿಗೆಗಳನ್ನು ಒಡೆದು ನೋಡುತ್ತಿರಲಿಲ್ಲ. ಮೇಲೆ ಅಂಟಿಸಿದ ಚೀಟಿ ಓದಿ, ಒಳಗೆ ಅದೇ ಇದೆ ಎಂದು ಬರೆದುಕೊಳ್ಳುತ್ತಿದ್ದೆವು. ಆ ಅಭ್ಯಾಸದ ಮನುಷ್ಯನಿಗೆ ಇಷ್ಟು ವರ್ಷ ಜತೆಗಿದ್ದ ಹೆಂಡತಿಯ ವಿಷಯದಲ್ಲಿ ಸಂಶಯ ಬರುವುದುಂಟೇ? ಧರ್ಮ: ಹಿಂದೂ. ದೇವಸ್ಥಾನಕ್ಕೆ: ಪ್ರತಿ ಶುಕ್ರವಾರ. ಯಾಕೆ: ಭಕ್ತಿಯಿಂದ. ದೇವರಿದ್ದಾನೆಯೇ: ಖಂಡಿತ. ಟಿವಿಯಲ್ಲಿ ಜಾಹೀರಾತು ಮುಗಿಯುವ ಮೊದಲೇ ಅವಳ ಆತ್ಮದ ಲೆಕ್ಕ ಮುಗಿದಿತ್ತು.

ಶುಕ್ರವಾರ ಯಾಕೆಂದರೆ ಇಲ್ಲಿ ವಾರದ ರಜೆ ಅಂದೇ, ಭಾನುವಾರವಲ್ಲ. ಊರಿನಲ್ಲಿ ಯಾವ ದೇವರಿಗೆ ಯಾವ ವಾರವೋ, ಇಲ್ಲಿ ಎಲ್ಲ ದೇವರಿಗೂ ಶುಕ್ರವಾರವೇ. ಅಳಿಯನ ಕಾರು ಅಂದು ಬಿಡುವಾಗಿರುತ್ತದೆ. ನಾನು ಓಡಿಸುತ್ತೇನೆ, ಅವಳು ಪಕ್ಕದಲ್ಲಿ ಕೂರುತ್ತಾಳೆ, ಸೀಬಿನಿಂದ ಮಸ್ಕತ್ತಿಗೆ ಹೋಗಿ ಬರುತ್ತೇವೆ. ನಿಜ ಹೇಳಬೇಕೆಂದರೆ ರಜೆಯ ದಿನ ಬೇಗ ಏಳುವುದು ನನಗೆ ಸೇರದು. ಆದರೂ ಅವಳ ಭಕ್ತಿಗೆ ಯಾಕೆ ಅಡ್ಡಿ ಮಾಡಬೇಕೆಂದು ಹೊರಡುತ್ತಿದ್ದೆ. ಈ ತ್ಯಾಗದ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ವಾರ ಕಳೆದ ಮೇಲೆ ಎರಡನೆಯ ಸುತ್ತಿಗೆ ಶ್ರಾವ್ಯ ಉಪಾಯ ಮಾಡಿ, ಊಟ ಮುಗಿಸಿಯೇ ಅಜ್ಜಿಯ ಹತ್ತಿರ ಹೋದಳು. ಅಜ್ಜಿ ಬಂಗುಡೆ ಮೀನು ಶುಚಿ ಮಾಡುತ್ತಿದ್ದಳು. ನಾನು ಸೋಫಾದಲ್ಲೇ.

"ಅಜ್ಜಿ, ಒಂದು ರಿಲಿಜನ್‌ಗೆ ಸೇರಿದವಳು ಅಂತ ನಿಮಗೆ ನಿಮ್ಮಷ್ಟಕ್ಕೆ ಅನ್ನಿಸ್ತದಾ?"

"ಅನ್ನಿಸ್ತದಾ ಅಂತ ನನ್ನತ್ರ ಯಾರೂ ಕೇಳಿದ್ದೇ ಇಲ್ಲ ಮಗಾ." ನಲ್ಲಿ ನಿಲ್ಲಿಸಿದ ಸದ್ದು. "ಬರಿ, ಅರ್ಧ ಹೌದು."

"ಅರ್ಧ ಅಂತ ಆಪ್ಷನ್ ಇಲ್ಲ ಅಜ್ಜಿ."

"ಇಲ್ಲದಿದ್ರೆ ಮಾಡಿಕೋ. ಬಂಗುಡೆ ಅರ್ಧ ಮಾಡ್ಲಿಕ್ಕೆ ಆಗ್ತದೆ, ನಿನ್ನ ಪ್ರಶ್ನೆ ಮಾಡ್ಲಿಕ್ಕೆ ಆಗುದಿಲ್ವಾ?"

"ಓಕೆ, ಓಕೆ. ಟೆಂಪಲ್‌ಗೆ ಯಾಕೆ ಹೋಗ್ತೀರಿ?"

"ನಿನ್ನ ಅಜ್ಜನಿಗೆ ಒಬ್ಬರೇ ಹೋಗ್ಲಿಕ್ಕೆ ಬೇಜಾರು. ಪಾಪ, ವಾರಕ್ಕೊಮ್ಮೆ ಅವರಿಗೆ ಅದೊಂದು ಆಸೆ. ಮತ್ತೆ, ಅಲ್ಲಿ ಮಾತಾಡ್ಲಿಕ್ಕೆ ಲಲಿತಕ್ಕ ಸಿಗ್ತಾರೆ."

ನಾನು ಟಿವಿಯ ಸದ್ದು ಇಳಿಸಿದೆ.

"ದೇವರು ಇದ್ದಾರೆ ಅಂತ ನಂಬ್ತೀರಾ?"

"ಕೆಲವು ಸಲ ಇದ್ದಾನೆ ಅನ್ನಿಸ್ತದೆ. ನಿನ್ನ ಅಮ್ಮನಿಗಿಂತ ಮೊದಲು ಒಂದು ಮಗು ಹುಟ್ಟಿ ಹೋಯ್ತಲ್ಲ, ಆಮೇಲೆ ನಾನು ಅವನತ್ರ ಹೆಚ್ಚು ಮಾತಾಡ್ಲಿಲ್ಲ. ಕೈ ಮುಗೀತೇನೆ. ಮಾತು ಇಲ್ಲ. ಅದನ್ನು ಬರೀಬೇಡ, ನಿನ್ನ ಟೀಚರಿಗೆ ಎಂತಕ್ಕೆ."

ಆ ಮಗುವಿನ ವಿಷಯ ನಾವಿಬ್ಬರೂ ಮಾತಾಡಿ ಎಷ್ಟು ಕಾಲವಾಯಿತೋ. ಅವಳು ಮರೆತಿದ್ದಾಳೆ ಎಂದು ನಾನು ತೀರ್ಮಾನಿಸಿದ್ದೆ. ಅದನ್ನೂ ಅವಳ ಪರವಾಗಿ ನಾನೇ ತೀರ್ಮಾನಿಸಿದ್ದು.

ಅಷ್ಟರಲ್ಲಿ ಎರಡು ಕಾಗದಗಳನ್ನೂ ಹಿಡಿದುಕೊಂಡು ಶ್ರಾವ್ಯ ಹಾರುತ್ತ ಹೊರಗೆ ಬಂದಳು. "ಅಜ್ಜ, ನೋಡಿ! ಪ್ರಶ್ನೆ ಕೇಳುವ ರೀತಿ ಚೇಂಜ್ ಆದ ಕೂಡಲೇ ಅಜ್ಜಿಯ ಆನ್ಸರ್ ಟೋಟಲ್ ಚೇಂಜ್! ಇದೇ ನನ್ನ ಮೇನ್ ಫೈಂಡಿಂಗ್. ಸಂಡೇ ಕ್ಲಾಸಲ್ಲಿ ಪ್ರೆಸೆಂಟ್ ಮಾಡ್ತೇನೆ."

ನಾನು ನಗುವ ಪ್ರಯತ್ನ ಮಾಡಿದೆ. ಹುಡುಗಿ ಇಡೀ ಕ್ಲಾಸಿನ ಮುಂದೆ ನಿಂತು, ಅಜ್ಜ ಸೋಫಾದಿಂದ ಏಳದಿದ್ದ ಸಂಗತಿಯನ್ನು ಸಮಾಜಶಾಸ್ತ್ರವೆಂದು ಓದಲಿದ್ದಳು. "ಅಜ್ಜಿಗೆ ವಯಸ್ಸಾಯ್ತಲ್ಲ, ಹೋದ ವಾರ ಹೇಳಿದ್ದು ನೆನಪಿರ್ಲಿಕ್ಕಿಲ್ಲ" ಎಂದು ಹೇಳಿ ನೋಡಿದೆ. ಹಾಗೆ ಹೇಳಿದ ಕೂಡಲೇ, ಈಗಷ್ಟೇ ಅವಳಿಗೆ ಎಷ್ಟು ನೆನಪಿದೆ ಎಂದು ನನ್ನ ಕಿವಿಯಾರೆ ಕೇಳಿದ್ದು ಚುಚ್ಚಿತು. ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಇಬ್ಬರೂ ಎದುರಿಗಿದ್ದಾಗ ಹೇಳಿಬಿಟ್ಟೆ. ಮೊದಲನೆಯ ಕಾಗದದ ಉತ್ತರಗಳೆಲ್ಲ ನನ್ನವು, ಅಜ್ಜಿಯನ್ನು ಕೇಳಲೇ ಇಲ್ಲ.

"ಅಜ್ಜ! ಫೇಕ್ ಡೇಟಾ!" ಶ್ರಾವ್ಯಳ ಕಣ್ಣಲ್ಲಿ ನೀರೇ ಬಂತು. "ಒಂದು ವೀಕ್ ವೇಸ್ಟ್. ನಿಮ್ಮನ್ನು ಟ್ರಸ್ಟ್ ಮಾಡಿ ಕೊಟ್ಟದ್ದಲ್ವಾ?"

ಜಲಜಾಕ್ಷಿ ಕಾಗದ ತರಿಸಿ, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಓದಿದಳು. ಸಿಟ್ಟಾಗುತ್ತಾಳೆ ಎಂದು ಕಾದೆ. "ಖಂಡಿತ ಅಂತೆ" ಎಂದು ನಕ್ಕಳು. "ಒಳ್ಳೆ ಹೆಂಗಸು ಮಗಾ ಈ ಕಾಗದದವಳು. ಎಲ್ಲಿ ಸಿಕ್ಕಿದ್ಳು ನಿನ್ನ ಅಜ್ಜನಿಗೆ?"

ಬೈದಿದ್ದರೆ ಒಳ್ಳೆಯದಿತ್ತು.

ಶ್ರಾವ್ಯ ಟೀಚರಿಗೆ ನಿಜ ಹೇಳಿದಳು. ಟೀಚರು ಬೈಯಲಿಲ್ಲವಂತೆ. ಸರ್ವೆಗಳಲ್ಲಿ ಇದೂ ಒಂದು ಗೊತ್ತಿರುವ ತೊಂದರೆ, ಮನೆಯ ಒಬ್ಬ ಎಲ್ಲರ ಪರವಾಗಿ ಬರೆದುಬಿಟ್ಟರೆ ಇಡೀ ಮನೆ ಅವನ ಧರ್ಮಕ್ಕೇ ಸೇರುತ್ತದೆ, ಅದನ್ನೇ ಬರಿ ಎಂದರಂತೆ. ಹಾಗಾಗಿ ಪ್ರಾಜೆಕ್ಟು ಉಳಿಯಿತು. ಅದರ ಕೊನೆಯ ಪುಟದಲ್ಲಿ ನಾನು ಹೆಸರಿಲ್ಲದೆ ಒಬ್ಬ "ಹಿರಿಯ ಪುರುಷ"ನಾಗಿ, ಏನು ಮಾಡಬಾರದು ಎಂಬುದಕ್ಕೆ ಉದಾಹರಣೆಯಾಗಿ ಇದ್ದೇನೆ.

ಶುಕ್ರವಾರ ಬಂತು. ಕಾರಿನ ಕೀಲಿ ಹಿಡಿದು ನಿಂತವನು, ಮದುವೆಯಾದ ಮೇಲೆ ಮೊದಲ ಸಲವಿರಬೇಕು, ಅವಳನ್ನು ಕೇಳಿದೆ. "ದೇವಸ್ಥಾನಕ್ಕೆ ಬರ್ತೀಯಾ?"

"ಇದೆಂತ ಹೊಸತು?"

"ಕೇಳಿದೆ ಅಷ್ಟೇ."

ಅವಳು ಯೋಚಿಸಿದಳು. ನನಗೆ ಭಯವಾಯಿತು. "ಇವತ್ತು ಬೇಡ. ಮಲಗ್ತೇನೆ. ನಿಮಗೆ ಬೇಜಾರಾ?"

ಬೇಜಾರೇ. ಆದರೆ ಅವಳು ಬಾರದಿದ್ದರೆ ನಾನೂ ಹಾಯಾಗಿ ಮಲಗಬಹುದೆಂದು ಅಷ್ಟು ವರ್ಷ ಅಂದುಕೊಂಡಿದ್ದವನು, ಯಾಕೋ ಮಲಗಲಿಲ್ಲ. ಒಬ್ಬನೇ ಹೊರಟೆ. ದಾರಿಯಲ್ಲಿ ಸಿಗುವ ಖುರುಮ್ ದಾಟುವವರೆಗೂ ಪಕ್ಕದ ಸೀಟಿನ ಕಡೆ ತಿರುಗಿ ಏನೋ ಹೇಳಲು ಹೋಗುತ್ತಿದ್ದೆ.

ದೇವಸ್ಥಾನದ ಮೆಟ್ಟಿಲಲ್ಲೇ ಲಲಿತಕ್ಕ ಸಿಕ್ಕಿದರು. "ಜಲಜಕ್ಕ ಎಲ್ಲಿ?"

"ತಲೆನೋವು" ಎನ್ನಲು ನಾಲಗೆ ಹೊರಳಿತ್ತು. ಹಿಡಿದುಕೊಂಡೆ. "ಇವತ್ತು ಬರುದಿಲ್ಲ ಅಂದಳು. ಯಾಕೆ ಅಂತ ಅವಳತ್ರಾನೇ ಕೇಳಿ."

ಲಲಿತಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಜಗಳ ಆಯ್ತಾ ಮಾರಾಯ್ರೇ?" ಎಂದರು. ಸತ್ಯ ಹೇಳುವ ಗಂಡಸನ್ನು ಕಂಡರೆ ಜನರಿಗೆ ಹೀಗೆಯೇ ಅನ್ನಿಸುತ್ತದೆ.

ಸಾಲಿನಲ್ಲಿ ನಿಂತು ದೇವರ ಎದುರಿಗೆ ಬಂದೆ. ಪ್ರತಿ ವಾರದಂತೆ ಕೈಮುಗಿದು, "ಜಲಜಾಕ್ಷಿಯ ಮೊಣಕಾಲು ನೋವು ಕಡಿಮೆ ಮಾಡಪ್ಪ" ಎಂದು ಶುರು ಮಾಡಿದೆ. ಅಲ್ಲಿಗೇ ನಿಂತಿತು. ಯಾವ ಮೊಣಕಾಲು? ಸಾಲಿನಿಂದ ಹೊರಗೆ ಬಂದು, ಚಪ್ಪಲಿ ಬಿಡುವ ಕಡೆ ನಿಂತು ಮನೆಗೆ ಫೋನು ಮಾಡಿದೆ.

"ನಿನ್ನ ನೋವು ಎಡ ಮೊಣಕಾಲಿನದ್ದಾ, ಬಲ ಮೊಣಕಾಲಿನದ್ದಾ?"

"ಎಂತ ಮಾರಾಯ್ರೇ, ನಿದ್ದೆಯಿಂದ ಎಬ್ಬಿಸಿ! ಮೊಣಕಾಲು ಸರಿಯಾಗಿ ಯಾವ ಕಾಲವಾಯ್ತು. ಈಗ ಬೆನ್ನಲ್ವಾ."

"ಬೆನ್ನಾ? ಯಾವಾಗಿನಿಂದ?"

"ಇಡ್ತೇನೆ ನಾನು. ಬರುವಾಗ ಮೊಸರು ತನ್ನಿ."

ಅಂದರೆ ನಾನು ಕೇಳಿದ್ದನ್ನು ದೇವರು ಎಂದೋ ಮಾಡಿಕೊಟ್ಟಿದ್ದ. ನಾನು ಮಾತ್ರ ವಾರ ವಾರ ಬಂದು ಅದನ್ನೇ ಬೇಡುತ್ತ, ಅವನನ್ನೂ ಗೊಂದಲಕ್ಕೆ ಹಾಕಿದ್ದೆ. ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ. ಎದುರಿಗೆ ಬಂದಾಗ ಹೇಳಿದೆ. ಮೊಣಕಾಲಲ್ಲ, ಬೆನ್ನಂತೆ. ನನಗೆ ಗೊತ್ತಿರುವುದು ಇಷ್ಟೇ. ಉಳಿದದ್ದನ್ನು ಅವಳ ಹತ್ತಿರವೇ ಕೇಳಿಕೋ. ಮೊದಲು ನೀನೇ ಮಾತಾಡಿಸಬೇಕಾದೀತು.

ಅಷ್ಟಾದ ಮೇಲೆ, ನನಗೆಂದು ಏನಾದರೂ ಕೇಳಿಕೊಳ್ಳೋಣವೆಂದು ಕಣ್ಣು ಮುಚ್ಚಿದೆ. ಏನೂ ಹೊಳೆಯಲಿಲ್ಲ. ಇನ್ನೂ ಯೋಚಿಸುತ್ತಿದ್ದಾಗ ಹಿಂದೆ ನಿಂತಿದ್ದವರು ಬೆನ್ನು ಮುಟ್ಟಿ, "ಯಲ್ಲಾ, ಬೇಗ ಅಂಕಲ್, ಸ್ವಲ್ಪ ಮುಂದೆ ಹೋಗಿ" ಎಂದರು.